ಆಕಾರವೂ ಶೀಲವೂ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವರು. ಕಾರ್ಟೂನು ಚಿತ್ರವನ್ನು ಬರೆಯುವ ಕಲಾವಿದನಿಗಾದರೋ ಈ ಹಿತವಚನವನ್ನು ಪಾಲಿಸುವುದು ಕಷ್ಟ. ಏಳೆಂಟು ನಿಮಿಷಗಳಲ್ಲಿ ಕಥೆ ಮುಗಿಯಬೇಕು; ಪಾತ್ರವು ತೆರೆಯ ಮೇಲೆ ಬಂದೊಡನೆಯೇ ಇದು ಇಂತಹದೆಂದು ತಿಳಿಯಬೇಕು. ಆದುದರಿಂದ ಅಲ್ಲಿ ಆಕಾರವೇ ಶೀಲದ ಮೊದಲ ಮಾತು. ನಡತೆಯನ್ನು ಕಾಣುವ ಮುನ್ನವೇ ರೂಪದಿಂದ ಗುಣವನ್ನು ಸಾರುವ ಈ ಪದ್ಧತಿಯು ನ್ಯಾಯವಾದುದೆ?

ಈ ಪ್ರಶ್ನೆಯು ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ತೊಗಲುಗೊಂಬೆಯಾಟದಲ್ಲಿ ಗೊಂಬೆಯ ಅಳತೆಯೇ ಪಾತ್ರದ ಅಂತಸ್ತನ್ನು ತಿಳಿಸುತ್ತದೆ. ದೇವತೆಗಳಿಗೂ ಅರಸರಿಗೂ ದೊಡ್ಡ ಗೊಂಬೆ. ಸೇವಕರಿಗೂ ಸಾಮಾನ್ಯರಿಗೂ ಚಿಕ್ಕದು. ಇವರ ನಡುವೆ ಡೊಳ್ಳುಹೊಟ್ಟೆಯ, ಕೆದರಿದ ಕೂದಲಿನ, ಕರಿಯ ಮೈಯ ಕಿಳ್ಳೇಕ್ಯಾತನು ತನ್ನ ಬಂಗಾರಕ್ಕನೊಡನೆ ಬಂದು ಕುಣಿಯುವನು. ಕಣ್ಣಿಗೆ ಕುರೂಪಿಯಾದರೂ ನೋಡುವವರ ಮನಸ್ಸನ್ನು ಮೊದಲು ಗೆಲ್ಲುವವನು ಅವನೇ. ಆದರೆ ಆ ಗೊಂಬೆಯ ಹೆಸರೇ ಅದನ್ನಾಡಿಸುವ ಸಮುದಾಯಕ್ಕೂ ಹೆಸರಾಗಿದೆ. ಪರದೆಯ ಮುಂದಿನ ನಗೆಯು ಪರದೆಯ ಹಿಂದೆ ಕುಳಿತ ಮನುಷ್ಯನ ಮೇಲೆ ಬಿದ್ದರೆ ಅದನ್ನು ವಿನೋದವೆನ್ನಲಾಗದು.

ಕಾರ್ಟೂನು ಚಿತ್ರದಲ್ಲಿಯೂ ಈ ಗುಣದೋಷಗಳೆರಡೂ ಉಂಟು. ವಾಲ್ಟ್ ಡಿಸ್ನಿಯ ಸಂಸ್ಥೆಯು 1933ರಲ್ಲಿ ಮೂರು ಹಂದಿಮರಿಗಳ ಕಥೆಯನ್ನು ಚಿತ್ರಿಸಿತು. ಮೂವರ ಉಡುಪು ಬೇರೆ, ಮೈಕಟ್ಟು ಬಹುಮಟ್ಟಿಗೆ ಒಂದೇ. ಒಬ್ಬನು ಕೊಳಲೂದುವನು, ಒಬ್ಬನು ಪಿಟೀಲು ಬಾರಿಸುವನು, ಮೂರನೆಯವನು ಬೆವರು ಸುರಿಸಿ ಇಟ್ಟಿಗೆಯ ಮನೆ ಕಟ್ಟುವನು. ಯಾರು ಸೋಮಾರಿ, ಯಾರು ವಿವೇಕಿ ಎಂಬುದು ಅವರ ನಡೆಯಿಂದಲೇ ವ್ಯಕ್ತವಾಗುವುದು. ಕಲೆಯ ಹಿರಿಮೆ ಇಲ್ಲಿದೆ. ಅದೇ ಚಿತ್ರದಲ್ಲಿ ತೋಳವು ವಂಚಿಸಲೆಂದು ಯೆಹೂದಿ ವ್ಯಾಪಾರಿಯ ವೇಷ ಹಾಕುವುದು. ಆ ಜನರನ್ನು ಹಾಸ್ಯಮಾಡಲು ಬಳಸುತ್ತಿದ್ದ ಮೂಗು ಗಡ್ಡಗಳೇ ಅಲ್ಲಿ ಕಪಟದ ಗುರುತಾದುವು. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದುದೂ ಅದೇ ವರ್ಷ. ಮುಂದೆ ಆ ಭಾಗವನ್ನು ಮತ್ತೆ ಬರೆಯಬೇಕಾಯಿತು. ಒಂದೇ ಕೃತಿಯಲ್ಲಿ ಎರಡು ದಾರಿಗಳು: ಒಂದರಲ್ಲಿ ಗುಣವು ನಡತೆಯಿಂದ ಮೂಡಿತು, ಇನ್ನೊಂದರಲ್ಲಿ ಹುಟ್ಟಿನ ಮೇಲೆ ಅಂಟಿಸಲ್ಪಟ್ಟಿತು.

1940ರಲ್ಲಿ ಮೊದಲು ತೆರೆಗೆ ಬಂದ ಬೆಕ್ಕು ಇಲಿಗಳ ಜೋಡಿಯು ಅಳತೆಯ ಲೆಕ್ಕವನ್ನೇ ತಲೆಕೆಳಗು ಮಾಡಿತು. ದೊಡ್ಡದು ಸೋಲುವುದು, ಚಿಕ್ಕದು ಗೆಲ್ಲುವುದು. ಹಾಗೆಂದು ಬೆಕ್ಕು ಬರಿಯ ದುಷ್ಟನೂ ಅಲ್ಲ. ಪೆಟ್ಟು ತಿಂದು ಅದು ಮುಖ ಬಾಡಿಸಿ ನಿಂತಾಗ ನೋಡುವ ಮಗುವಿಗೂ ಅಯ್ಯೋ ಎನಿಸುವುದು. ಮೊದಲ ನೋಟದ ತೀರ್ಪನ್ನು ತಿದ್ದಿಕೊಳ್ಳಲು ಇಂತಹ ಎಡೆಯನ್ನು ಬಿಡುವುದೇ ಒಳ್ಳೆಯ ಪಾತ್ರರಚನೆಯ ಲಕ್ಷಣ. ಆಕಾರವು ಪರಿಚಯ ಮಾಡಿಕೊಡಬಹುದು. ತೀರ್ಪನ್ನು ನಡತೆಗೆ ಬಿಡಬೇಕು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿ ಇಂದು ಮಕ್ಕಳು ಈ ಚಿತ್ರಗಳನ್ನು ನೋಡಿ ನಗುತ್ತಾರೆ. ನಗಲಿ, ನಗೆಯು ಆರೋಗ್ಯಕರವಾದುದು. ಆದರೆ ಮಗುವು ನಕ್ಕುದು ಪಾತ್ರವು ಮಾಡಿದ ಕೆಲಸಕ್ಕೋ, ಅದರ ಮೈಬಣ್ಣಕ್ಕೋ ಎಂದು ಹತ್ತಿರ ಕುಳಿತ ಹಿರಿಯರು ಒಮ್ಮೆ ಕೇಳುವುದು ಒಳ್ಳೆಯದು. ನಾಳೆ ಪಾಠಶಾಲೆಯ ಅಂಗಳದಲ್ಲಿ ಬೇರೊಂದು ಮಗುವನ್ನು ಅದು ಹೇಗೆ ಕರೆಯುವುದೆಂಬುದು ಆ ಉತ್ತರವನ್ನು ಅವಲಂಬಿಸಿದೆ.