ಗೃಹಸ್ಥನ ಹಿತ್ತಿಲು ಮತ್ತು ಅಹಿಂಸಾಣುವ್ರತ

ಅಹಿಂಸೆಯೇ ಪರಮಧರ್ಮವೆಂಬುದನ್ನು ಬಸದಿಯ ಮೆಟ್ಟಿಲು ಹತ್ತುವ ಮಗುವೂ ಬಲ್ಲದು. ಆದರೆ ದರ್ಶನ ಮುಗಿಸಿ ಮನೆಯಂಗಳಕ್ಕೆ ಕಾಲಿಟ್ಟೊಡನೆ ಅದೇ ಅಹಿಂಸೆಯು ಕಠಿಣ ಪ್ರಶ್ನೆಯಾಗಿ ಶ್ರಾವಕನ ಎದುರು ನಿಲ್ಲುತ್ತದೆ. ವಯನಾಡಿನಂತಹ ಮಳೆನಾಡಿನಲ್ಲಿ ಹಿತ್ತಿಲಿಲ್ಲದ ಮನೆ ವಿರಳ. ನಾಲ್ಕು ಬಾಳೆ, ಒಂದು ಪಪ್ಪಾಯಿ, ಕರಿಬೇವು, ತೊಂಡೆಯ ಚಪ್ಪರ, ಪೂಜೆಗೆ ಹೂವು ಕೊಡುವ ಮಲ್ಲಿಗೆ ಮತ್ತು ನಂದಿಬಟ್ಟಲು, ಇವುಗಳ ಆರೈಕೆ ವರ್ಷವಿಡೀ ನಡೆಯುತ್ತದೆ. ಆ ಮಣ್ಣಿನಲ್ಲಿ ಏಕೇಂದ್ರಿಯ ಜೀವಗಳಿವೆ. ಎರಡು ಇಂದ್ರಿಯಗಳ ಎರೆಹುಳು, ಮೂರು ಇಂದ್ರಿಯಗಳ ಇರುವೆ, ನಾಲ್ಕು ಇಂದ್ರಿಯಗಳ ದುಂಬಿ ಇವೆ. ಗುದ್ದಲಿ ಎತ್ತಿದರೆ ಹಿಂಸೆ. ಎತ್ತದಿದ್ದರೆ ಹಿತ್ತಿಲು ಕಾಡು. ಹಾಗಾದರೆ ವ್ರತವನ್ನು ನೆನೆಯುವ ಗೃಹಸ್ಥನು ಹಿತ್ತಿಲನ್ನು ಹೇಗೆ ನೋಡಿಕೊಳ್ಳಬೇಕು?

ಭಗವಾನ್ ಆದಿನಾಥರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆ ಕೃಷಿಯೂ ಸೇರಿದೆ. ಆದ್ದರಿಂದ ಮಣ್ಣಿನ ಕೆಲಸವು ಗೃಹಸ್ಥನಿಗೆ ನಿಷಿದ್ಧವಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಬುದ್ಧಿಪೂರ್ವಕವಾದ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕು, ಉಳಿದವುಗಳನ್ನು ಕಡಿಮೆ ಮಾಡುತ್ತ ಹೋಗಬೇಕು ಎಂದು ಹಿರಿಯರು ತಿಳಿಸಿದ್ದಾರೆ. ಅಡಿಗೆ, ಗುಡಿಸುವಿಕೆ, ತೋಟದ ಕೆಲಸಗಳಲ್ಲಿ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ಇಲ್ಲಿಯೇ ಒಂದು ಅಪಾಯವೂ ಅಡಗಿದೆ. “ಇದು ಆರಂಭೀ, ಏನು ಮಾಡುವುದು!” ಎಂಬ ಮಾತು ಬಲು ಸುಲಭವಾಗಿ ಬಾಯಿಗೆ ಬರುತ್ತದೆ. ತಪ್ಪಿಸಬಹುದಾಗಿದ್ದ ಹಿಂಸೆಯನ್ನೂ ಜನರು ಅದೇ ಖಾತೆಗೆ ಬರೆದುಬಿಡುತ್ತಾರೆ. ಪ್ರಮಾದದಿಂದ ಪ್ರಾಣಗಳಿಗೆ ಒದಗಿಸುವ ಘಾತವೇ ಹಿಂಸೆಯೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಅಜಾಗರೂಕತೆಯೇ ಅದರ ಮೂಲ.

ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಯಾರೂ ಹಿತ್ತಿಲ ಕಡೆ ನೋಡಲಿಲ್ಲ. ಕಡಿದ ಬಾಳೆಯ ದಿಂಡು, ತೆಂಗಿನ ಸಿಪ್ಪೆ, ಒಡೆದ ಹೆಂಚುಗಳು ಗೋಡೆಯ ಬದಿಯಲ್ಲಿಯೇ ರಾಶಿ ಬಿದ್ದವು. ಇಡವಪಾತಿಯ ಮಳೆ ಹಿಡಿದ ಮೇಲೆ, ಮಲಯಾಳದಲ್ಲಿ ಒಚ್ಚ್ ಎನ್ನುವ ಆಫ್ರಿಕಾದ ದೊಡ್ಡ ಶಂಖದ ಹುಳುಗಳು ರಾತ್ರಿಯಾದರೆ ಗೋಡೆ ತುಂಬ ಹರಿದವು. ಪಪ್ಪಾಯಿಯ ಸಸಿ, ಬಾಳೆಯ ಎಳೆ ಸುಳಿ ಯಾವುದೂ ಉಳಿಯಲಿಲ್ಲ. ಮಗನು ಪೇಟೆಯಿಂದ ಕಲ್ಲುಪ್ಪನ್ನು ತಂದು ಕೆಲಸದವನ ಕೈಗೆ ಕೊಟ್ಟು, ತಾನು ಒಳಗೆ ಹೋಗಿ ಜಪಕ್ಕೆ ಕುಳಿತನು. ಉಪ್ಪು ಬಿದ್ದ ಹುಳು ನೊರೆ ಕಾರುತ್ತ, ಮೈಯ ನೀರನ್ನು ಕಳೆದುಕೊಂಡು ಸಾಯುವುದನ್ನು ಮುದುಕಿ ತಾಯಿ ಕಂಡಳು. “ಅಮ್ಮಾ, ನಾನು ಒಂದನ್ನೂ ಮುಟ್ಟಲಿಲ್ಲ” ಎಂದನು ಮಗ. “ಮುಟ್ಟದಿದ್ದರೇನು ಮಗಾ? ಉಪ್ಪು ತಂದವನು ನೀನೇ ಅಲ್ಲವೇ!” ಎಂದಳು ತಾಯಿ.

ಆ ತಾಯಿಯ ಮಾತು ಶಾಸ್ತ್ರದ ಮಾತೇ ಆಗಿದೆ. ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ತಾನು ಕೊಲ್ಲದಿರುವುದು ಮಾತ್ರವಲ್ಲ, ಕೊಲ್ಲಿಸದಿರುವುದು, ಕೊಂದದ್ದನ್ನು ಅನುಮೋದಿಸದಿರುವುದು ಅಹಿಂಸಾಣುವ್ರತವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ತಿಳಿಸುತ್ತದೆ. ಕೂಲಿ ಕೊಟ್ಟು ಮಾಡಿಸಿದ ಹಿಂಸೆ ಕೂಲಿಯವನ ಪಾಲಿಗೆ ಹೋಗಿಬಿಡುವುದಿಲ್ಲ. ಹುಳುಗಳನ್ನು ಆರಿಸಿ ನೆರೆಯವನ ಬೇಲಿಯಾಚೆ ಎಸೆಯುವುದೂ ದಯೆಯಲ್ಲ. ಅದು ತನ್ನ ನಷ್ಟವನ್ನು ಇನ್ನೊಬ್ಬನ ಲೆಕ್ಕಕ್ಕೆ ದಾಟಿಸುವ ಜಾಣತನ.

ವಿಷ ಸಿಂಪಡಿಸುವವನ ಲೆಕ್ಕವಂತೂ ಇನ್ನೂ ದೊಡ್ಡದು. ಇದೇ ಕೇರಳದ ಕಾಸರಗೋಡಿನಲ್ಲಿ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದ ವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕೀಟಕ್ಕೆಂದು ಸುರಿದ ವಿಷವು ಬಾವಿಗೂ ಅಂಗಳಕ್ಕೂ ಇಳಿಯಿತು; ಆ ಊರುಗಳ ಮಕ್ಕಳು ಪಟ್ಟ ಪಾಡನ್ನು ನಾಡೆಲ್ಲ ಕಂಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಸಣ್ಣ ಜೀವಿಗೆಂದು ಬೀಸಿದ ಕೈ ಎಲ್ಲಿ ನಿಲ್ಲುವುದೆಂದು ಬೀಸಿದವನಿಗೂ ತಿಳಿಯದು.

ಹಾಗಾದರೆ ದಾರಿ ಯಾವುದು? ಆಷಾಢದ ಹಿಂಸೆಯನ್ನು ಚೈತ್ರ ವೈಶಾಖದಲ್ಲಿಯೇ ತಡೆಯಬೇಕು. ಶಂಖದ ಹುಳು ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತದೆ. ತೇವ ಬಂದೊಡನೆ ಎದ್ದು, ಸಡಿಲ ಮಣ್ಣಿನಲ್ಲಿ ಒಂದೊಂದು ಸಲಕ್ಕೆ ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡಬಲ್ಲದು. ಹಗಲು ಅದಕ್ಕೆ ಬೇಕಾದುದು ತೇವದ ಮರೆ. ಆದ್ದರಿಂದ ಮೊದಲ ಮಳೆಗೆ ಮುನ್ನವೇ ಹೆಂಚು, ಕಲ್ಲು, ಸಿಪ್ಪೆಗಳ ರಾಶಿಯನ್ನು ನೋಡಿ ನೋಡಿ ತೆಗೆಯಬೇಕು. ಬೇಸಿಗೆಯಲ್ಲಿ ಗಿಡದ ಬುಡಕ್ಕೆ ಹೊದಿಸಿದ ತರಗೆಲೆಯನ್ನು ಬುಡದಿಂದ ಸರಿಸಬೇಕು. ಅದರಲ್ಲಿ ಅಡಗಿದ ಜೀವಗಳ ಸಹಿತ ಸುಡಬಾರದು. ಚರಂಡಿಯನ್ನು ಬಿಡಿಸಿದರೆ ನೀರು ನಿಲ್ಲದು, ಸೊಳ್ಳೆ ಹೆಚ್ಚದು, ಔಷಧಿ ಹೊಡೆಯುವ ಪ್ರಸಂಗವೂ ಬಾರದು. ಕೊಂಬೆ ಸವರುವ ಮೊದಲು ಹಕ್ಕಿಯ ಗೂಡಿದೆಯೇ ಎಂದು ನೋಡಬೇಕು. ಎಳೆ ಸಸಿಗಳನ್ನು ಎತ್ತರದ ಕಟ್ಟೆಯ ಮೇಲಿಟ್ಟು ಕಾಯಬೇಕು.

ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ಗೃಹಸ್ಥನು ಆ ನಾಲ್ಕು ತಿಂಗಳು ಗುದ್ದಲಿಗಾದರೂ ವಿಶ್ರಾಂತಿ ಕೊಡಬಹುದು; ಎರೆಹುಳುಗಳು ಮೇಲ್ಮಣ್ಣಿನಲ್ಲಿ ಓಡಾಡುವ ಕಾಲವದು. ಕತ್ತಲಾದ ಮೇಲೆ ಹಿತ್ತಿಲಲ್ಲಿ ತಿರುಗದಿರುವುದು, ಬಿಸಿ ಗಂಜಿಯನ್ನು ಆರಿಸದೆ ನೆಲಕ್ಕೆ ಚೆಲ್ಲದಿರುವುದು ಹಳೆಯ ಮನೆಗಳ ಒಳ್ಳೆಯ ರೂಢಿಗಳು. ಕಾರ್ತಿಕ ಕಳೆದ ಮೇಲೆ ಅಗೆತ, ಗೊಬ್ಬರಗಳ ಕೆಲಸ ನಡೆಯಲಿ. ಆಗಲೂ ನೀರನ್ನು ಸಂಜೆಗೆ ಬದಲಾಗಿ ಬೆಳಿಗ್ಗೆ ಹಾಕಿದರೆ ರಾತ್ರಿಯ ಹೊತ್ತಿಗೆ ನೆಲ ಆರಿರುತ್ತದೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಸಮಂತಭದ್ರಾಚಾರ್ಯರೇ ಎಚ್ಚರಿಸಿದ್ದಾರೆ.

ಇಷ್ಟೆಲ್ಲ ಮಾಡಿದರೂ ಹುಳು ಬಂದರೆ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಅದನ್ನು ಸಾಕುತ್ತ ಹೋದರೆ ಸಂತತಿ ಬೆಳೆದು ನೆರೆಯ ಬಡವನ ಬಾಳೆಗೆ ಹಾನಿ. ಮನುಷ್ಯನ ಮಿದುಳಿಗೆ ರೋಗ ತರಬಲ್ಲ ಒಂದು ಬಗೆಯ ಕ್ರಿಮಿಯನ್ನು ಅದು ಹೊತ್ತಿರುವುದುಂಟು. ಬರಿಗೈಯಿಂದ ಮುಟ್ಟಬಾರದು, ಹಿತ್ತಿಲ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಬಳಸಬಾರದು. ಅದನ್ನು ವಿರೋಧಿಯೆಂದು ಕರೆಯಲು ಮನಸ್ಸಾದೀತು. ಆದರೆ ಅದು ಹಗೆಯಿಂದ ಬಂದುದಲ್ಲ, ಹಸಿವಿನಿಂದ ಬಂದುದು. ಎರಡು ಗಿಡಗಳನ್ನು ಅದರ ಪಾಲಿಗೆ ಬಿಟ್ಟು ನಷ್ಟವನ್ನು ಸಹಿಸಬಲ್ಲವನು ಧನ್ಯ. ಅದು ಸಾಧ್ಯವಾಗದೆ ಕೊಂದವನು ತನ್ನ ಕೃತ್ಯಕ್ಕೆ ಸುಂದರವಾದ ಹೆಸರಿಡದಿರಲಿ, ಇನ್ನೊಬ್ಬನ ಕೈಯ ಮರೆಯಲ್ಲಿ ಅಡಗದಿರಲಿ. ಪ್ರತಿಕ್ರಮಣದಲ್ಲಿ ಆಲೋಚನೆ ಮಾಡಿ, ಬರುವ ಬೇಸಿಗೆಯಲ್ಲಿ ಹಿತ್ತಿಲಿಗೆ ಮುಂಚಿತವಾಗಿ ಇಳಿಯಲಿ.

ದಶಲಕ್ಷಣ ಪರ್ವದಲ್ಲಿ ಸಕಲ ಜೀವಗಳಲ್ಲಿಯೂ ಕ್ಷಮೆ ಬೇಡುವಾಗ, ಮಳೆಗಾಲದ ಆ ಹಿತ್ತಿಲೂ ಕಣ್ಣೆದುರಿಗೆ ಬರಲಿ. ಮನೆಯಲ್ಲಿ ಕನ್ನಡವನ್ನೇ ಆಡಲಿ, ಮಲಯಾಳವನ್ನೇ ಆಡಲಿ, ಹಿಂದಿ ಗುಜರಾತಿಗಳನ್ನೇ ಆಡಲಿ, ಶ್ರಾವಕನ ಅಹಿಂಸೆಯನ್ನು ಅವನ ಅಂಗಳದಲ್ಲಿ ಕಾಣಬಹುದು.

ಜಯ ಜಿನೇಂದ್ರ.