ನೀರಿನ ಮೇಲಣ ನಿಲ್ದಾಣ

ಬಯಲು ಕಾದಾಗ ಬೆಟ್ಟದ ನೆನಪಾಗುವುದು ಸಹಜ. ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಆ ನೆನಪಿನ ಹೆಸರು ಊಟಿ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾಯ್ದು, ಘಟ್ಟದ ತಿರುವುಗಳನ್ನು ಏರಿ ಬಸ್ಸು ನಿಂತಾಗ ನಾವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುತ್ತೇವೆ. ಇಳಿದ ಮೇಲೆ ಸ್ವೆಟರ್ ಹುಡುಕುತ್ತೇವೆ, ಚಹಾ ಹುಡುಕುತ್ತೇವೆ, ಆಮೇಲೆ ಯಾರನ್ನಾದರೂ ತಡೆದು ಕೇಳುತ್ತೇವೆ: “ಲೇಕ್ ಇಲ್ಲಿಂದ ಎಷ್ಟು ದೂರ?” ಅವರು ಕೈ ಚಾಚಿ ದಾರಿ ತೋರಿಸುತ್ತಾರೆ. ನಿಂತು ಕೇಳಿದ ಆ ನೆಲವೇ ಒಂದು ಕಾಲಕ್ಕೆ ಸರೋವರವಾಗಿತ್ತು ಎಂಬುದು ಕೇಳಿದವರಿಗೆ ಗೊತ್ತಿರುವುದಿಲ್ಲ. ತೋರಿಸಿದವರ ಗಮನಕ್ಕೂ ಬಂದಿರುವುದಿಲ್ಲ.

ಊಟಿಯ ಸರೋವರ ದೈವನಿರ್ಮಿತವಲ್ಲ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1823ರಿಂದ 1825ರ ನಡುವೆ ಬೆಟ್ಟದ ತೊರೆಗಳಿಗೆ ಒಡ್ಡು ಕಟ್ಟಿಸಿ ಅದನ್ನು ನಿರ್ಮಿಸಿದ. ಅಂದಿನ ಜಲರಾಶಿ ಇಂದಿನದಕ್ಕಿಂತ ಬಹಳ ದೊಡ್ಡದು. ಊರು ಬೆಳೆಯಿತು, ಮದರಾಸು ಪ್ರಾಂತ್ಯದ ಬೇಸಿಗೆಯ ರಾಜಧಾನಿಯಾಯಿತು. ಊರು ಹಿಗ್ಗಿದಂತೆ ನೀರು ಕುಗ್ಗಿತು. ಬಸ್ ನಿಲ್ದಾಣ, ಕುದುರೆ ಪಂದ್ಯದ ಮೈದಾನ, ಲೇಕ್ ಪಾರ್ಕ್, ಇವೆಲ್ಲ ಎದ್ದು ನಿಂತದ್ದು ಹೂತುಹೋದ ನೀರಿನ ಮೇಲೆ. ಉಳಿದದ್ದು ಸುಮಾರು 65 ಎಕರೆ. ಅದನ್ನು ನೋಡಲೆಂದೇ ನಾವು ಅಷ್ಟು ದೂರದಿಂದ ಬರುತ್ತೇವೆ.

ದೋಣಿಮನೆಯ ದಾರಿಯುದ್ದಕ್ಕೂ ಅಂಗಡಿಸಾಲು. ನೀಲಗಿರಿ ಚಹಾ, ಉಣ್ಣೆಯ ಟೋಪಿ, ವರ್ಕಿಯ ಪೊಟ್ಟಣ, ತೂಕಕ್ಕೆ ಸಿಗುವ ಹೋಮ್‌ಮೇಡ್ ಚಾಕೊಲೇಟ್. ಅಂಗಡಿಯಾತ ನೀಲಗಿರಿ ಎಣ್ಣೆಯ ಪುಟ್ಟ ಸೀಸೆ ಬಿಚ್ಚಿ, ಒಂದು ಹನಿಯನ್ನು ನಮ್ಮ ಮುಂಗೈಗೆ ಸವರಿ, “ಮೂಸಿ ನೋಡಿ ಸಾರ್” ಎನ್ನುತ್ತಾನೆ. ಮೂಗು ಬಿರಿಯುತ್ತದೆ, ಕಣ್ಣು ಒದ್ದೆಯಾಗುತ್ತದೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಬೆಟ್ಟದ ಉಸಿರನ್ನೇ ಸೀಸೆಯಲ್ಲಿ ಹಿಡಿದು ಕೊಟ್ಟಂತೆ ಅನಿಸುತ್ತದೆ. ಆ ಮರವಾದರೋ 1840ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಬಂದದ್ದು. ಇರಲಿ, ನೆಗಡಿಗೆ ಅದರ ಕುಲಗೋತ್ರ ಬೇಕಿಲ್ಲ! ಆದರೆ ಒಂದನ್ನು ಗಮನಿಸಬಹುದು. ಅಂಗಡಿಯ ಮುಖ ರಸ್ತೆಗೆ, ಬೆನ್ನು ನೀರಿಗೆ. ಕೊಳ್ಳುವ ನಾವು ನೀರಿನ ದಿಕ್ಕಿಗೇ ತಿರುಗಿರುತ್ತೇವೆ, ಕಾಣುವುದು ಮಾತ್ರ ಜೋಡಿಸಿಟ್ಟ ಸರಕು.

ಇದರಲ್ಲಿ ಯಾರ ತಪ್ಪನ್ನು ಎಣಿಸುವುದು? ಅಂಗಡಿಯಾತನಿಗೆ ವರ್ಷದ ಅನ್ನ ಏಪ್ರಿಲ್ ಮೇ ತಿಂಗಳ ಜನಸಂದಣಿಯಲ್ಲಿದೆ. ನಮಗೆ ಮನೆಯಲ್ಲಿ ಕಾಯುವವರಿಗೆ ಏನಾದರೂ ಒಯ್ಯುವ ಆಸೆ. ಪ್ರಿಯವಾದದ್ದರ ಸಮೀಪ ಇರಬೇಕೆಂಬುದು ಜೀವದ ಸ್ವಭಾವ. ನೀರು ಕಂಡಲ್ಲಿ ಕೂರಬೇಕು ಅನಿಸುತ್ತದೆ. ಕೂತಲ್ಲಿ ನೆರಳು ಬೇಕು ಅನಿಸುತ್ತದೆ. ನೆರಳಿದ್ದಲ್ಲಿ ಚಹಾದಂಗಡಿ ಬರುತ್ತದೆ. ಒಬ್ಬೊಬ್ಬರ ಆಸೆಯೂ ಅಂಗೈಯಗಲದ್ದು, ನಿರ್ದೋಷವಾದದ್ದು. ಎಲ್ಲರೂ ದಡಕ್ಕೆ ಬಂದಾಗ ದಡವೇ ಒಳಸರಿಯುತ್ತದೆ. ನಾವು ನೀರನ್ನು ದ್ವೇಷಿಸಿ ಹೂಳಲಿಲ್ಲ. ಅದರ ಹತ್ತಿರ, ಇನ್ನೂ ಹತ್ತಿರ ಬರುತ್ತ ಹೂಳಿದೆವು.

ಹಾಗೆಂದು ಹಿಂದಿನದೆಲ್ಲ ಪವಿತ್ರ, ಇಂದಿನದೆಲ್ಲ ವಿಕೃತ ಎನ್ನಲೂ ಬಾಯಿ ಬರುವುದಿಲ್ಲ. ಸಲಿವನ್ ಬರುವ ಮುನ್ನ ಆ ಕಣಿವೆಯಲ್ಲಿ ಹುಲ್ಲಿತ್ತು, ತೋಡರ ಎಮ್ಮೆಗಳಿದ್ದವು. ಹುಲ್ಲಿನ ಮೇಲೆ ನೀರು ಬಂತು, ನೀರಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಟಾರು. ಕಳೆದುಹೋಯಿತೆಂದು ನಾವು ಮರುಗುವ ಸರೋವರವೂ ಇನ್ನೊಬ್ಬರ ಕಳೆದುಹೋದ ಗೋಮಾಳದ ಮೇಲೆ ನಿಂತಿತ್ತು. ದುಃಖಕ್ಕೂ ಪದರಗಳಿವೆ. ನಮಗೆ ಕಾಣುವುದು ಬಹುಮಟ್ಟಿಗೆ ಮೇಲಿನದೊಂದೇ.

ಇನ್ನು ನಾವು ಹೊರಟ ಸ್ಥಳದ ಕಡೆಗೆ ನೋಡೋಣ. ಬೆಂಗಳೂರಿನಲ್ಲಿ ಎಷ್ಟೋ ಪ್ರಯಾಣಗಳು ಮೊದಲಾಗುವುದು ಮೆಜೆಸ್ಟಿಕ್‌ನಲ್ಲಿ. ಆ ಬಸ್ ನಿಲ್ದಾಣದ ಅಡಿಯಲ್ಲಿರುವುದು ಧರ್ಮಾಂಬುಧಿ ಕೆರೆ. ಪೇಟೆಯ ಜನ ಕುಡಿದ ನೀರು ಅದು. 1896ರ ಹೊತ್ತಿಗೆ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂತು. ಕೆರೆಯ ಹಂಗು ತಪ್ಪಿತು, ಹಂಗಿನ ಜೊತೆಗೆ ಕಾಳಜಿಯೂ ತಪ್ಪಿತು. ಹೀಗೆ ನಾವು ಒಂದು ಕೆರೆಯಂಗಳದಲ್ಲಿ ಬಸ್ಸು ಹತ್ತುತ್ತೇವೆ, ಇನ್ನೊಂದು ಕೆರೆಯಂಗಳದಲ್ಲಿ ಇಳಿಯುತ್ತೇವೆ, ಪಾದಕ್ಕೆ ಒಂದು ಹನಿಯೂ ತಾಗುವುದಿಲ್ಲ. ತಂಪನ್ನು ಅರಸಿ ಮುನ್ನೂರು ಕಿಲೋಮೀಟರಿನಷ್ಟು ದೂರ ಹೋಗುವವರಿಗೆ ತಂಪು ಒಮ್ಮೆ ಮನೆಬಾಗಿಲಲ್ಲೇ ಇತ್ತು. ಇದನ್ನು ಅರಿತ ಮೇಲೆ ಪ್ರವಾಸ ನಿಲ್ಲಬೇಕಾಗಿಲ್ಲ. ನಿಲ್ಲುವುದೂ ಇಲ್ಲ. ಬರುವ ಬೇಸಿಗೆಗೂ ಟಿಕೆಟ್ ಕಾದಿರಿಸುತ್ತೇವೆ, ಎಣ್ಣೆಯ ಸೀಸೆಯನ್ನೂ ತರುತ್ತೇವೆ.

ಅದೇ ನಗರದ ಸಂಪಂಗಿ ಕೆರೆಯ ಕಥೆ ತುಸು ಬೇರೆ. ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಆದರೂ ಪಕ್ಕದಲ್ಲಿ ಒಂದು ಚಿಕ್ಕ ಕಲ್ಯಾಣಿಯನ್ನು ಉಳಿಸಿದ್ದಾರೆ. ಉಳಿಸಿದ್ದು ವಿಹಾರಕ್ಕಲ್ಲ, ವ್ಯಾಪಾರಕ್ಕೂ ಅಲ್ಲ. ಚೈತ್ರಮಾಸದಲ್ಲಿ ಕರಗದ ವಿಧಿಗಳಿಗೆ ತಿಗಳ ಸಮುದಾಯದವರು ಆ ನೀರಿಗೆ ಬರಲೇಬೇಕು. ವಿಶಾಲವಾದ ಕೆರೆ ತನ್ನ ಗಾತ್ರದಿಂದ ಉಳಿಯಲಿಲ್ಲ, ಸೌಂದರ್ಯದಿಂದಲೂ ಉಳಿಯಲಿಲ್ಲ. ಇಷ್ಟಗಲದ ನೀರಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುವವರು ಇದ್ದರು, ಅವರು ಬರುವ ದಿನ ಎಲ್ಲರಿಗೂ ಗೊತ್ತಿತ್ತು. ಅದನ್ನು ಮುಚ್ಚುವುದು ಯಾರಿಂದಲೂ ಆಗಲಿಲ್ಲ.