ಏಸಿ ಇದ್ದರೆ ತೊಂದರೆ ಇಲ್ಲ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರು ಆಫೀಸಿನ ಹುಡುಗನೊಬ್ಬ ಫೋನ್ ಮಾಡಿದ. ದಾವಣಗೆರೆಯವನು. ಜೂನ್ ಕೊನೆಗೆ ನನ್ನ ಪ್ರಾಜೆಕ್ಟಿಗೆಂದು ಚೆನ್ನೈಗೆ ಬರುವವನಿದ್ದ. ಸಂಬಳ, ಶಿಫ್ಟು, ಕ್ಲೈಂಟ್ ಕಾಲ್ ಎಲ್ಲ ಕೇಳಿ ಮುಗಿಸಿ, ಸ್ವಲ್ಪ ತಡೆದು, “ಸರ್, ವಾಸಕ್ಕೆ ಊರು ಹೆಂಗಿದೆ? ತುಂಬಾ ಸೆಕೆ ಅಂತಾರಲ್ಲ” ಅಂದ. ಹದಿನಾಲ್ಕು ವರ್ಷದಿಂದ ಎಲ್ಲರಿಗೂ ಕೊಡುತ್ತ ಬಂದ ಉತ್ತರವನ್ನೇ ಅವನಿಗೂ ಕೊಟ್ಟೆ: “ಏಸಿ ಇದ್ದರೆ ಏನೂ ತೊಂದರೆ ಇಲ್ಲ.”

ಅದು ಸುಳ್ಳಲ್ಲ. ಮನೆಯಲ್ಲಿ ಏಸಿ, ಕಾರಿನಲ್ಲಿ ಏಸಿ, ಆಫೀಸಿನಲ್ಲಂತೂ ಸ್ವೆಟರ್ ಹಾಕಿಕೊಳ್ಳುವಷ್ಟು ಏಸಿ. ಮೇ ತಿಂಗಳ ಎಷ್ಟೋ ದಿನ ನಾನು ಚೆನ್ನೈನ ಹವೆಯಲ್ಲಿ ಕಳೆಯುವುದು ಒಟ್ಟು ಇಪ್ಪತ್ತು ನಿಮಿಷ ಇರಬಹುದು. ಹಾಗಿರುವಾಗ ಆ ಊರಿನ ಹವೆ ಹಿತವೋ ಅಹಿತವೋ ಎಂದು ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತು ಎಂಬ ಯೋಚನೆ ಆಗ ಬರಲಿಲ್ಲ. ಬಂದದ್ದು ಮುಂದಿನ ತಿಂಗಳು, ಇಸ್ತ್ರಿ ಬಟ್ಟೆಯ ವಿಷಯದಲ್ಲಿ.

ಮೊದಲು ನನ್ನ ಊರಿನ ಮಾತು ಹೇಳಬೇಕು. ನಾನು ಬಳ್ಳಾರಿಯವನು. ನಮ್ಮಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗೆಯಾಡಿಕೊಳ್ಳುತ್ತೇವೆ. 1953ರ ಅಕ್ಟೋಬರ್‌ವರೆಗೂ ಬಳ್ಳಾರಿ ಮದ್ರಾಸಿಗೇ ಸೇರಿತ್ತು. ನಮ್ಮ ಅಜ್ಜ ಜಮೀನಿನ ವ್ಯಾಜ್ಯಕ್ಕೆ ಮದ್ರಾಸಿಗೆ ರೈಲು ಹತ್ತಿದವರು. ಹೋಗಿ ಬಂದು ಅವರು ಹೇಳುತ್ತಿದ್ದದ್ದು ಕೋರ್ಟಿನ ಕಥೆಯಲ್ಲ, ಅಲ್ಲಿ ಒಗೆದು ಹಾಕಿದ ಪಂಚೆ ಎಷ್ಟು ಹೊತ್ತಾದರೂ ಒಣಗಲಿಲ್ಲ ಎಂಬ ಕಥೆ. 42 ಡಿಗ್ರಿಯಲ್ಲಿ ಬೆಳೆದ ನನಗೆ 35 ಡಿಗ್ರಿಯ ಚೆನ್ನೈ ಯಾವ ಲೆಕ್ಕ ಎಂದುಕೊಂಡೇ 2011ರಲ್ಲಿ ಇಲ್ಲಿಗೆ ಬಂದೆ. ಮೊದಲನೇ ವಾರವೇ ಸೊಕ್ಕು ಇಳಿಯಿತು.

ಕಾರಣ ನನಗೆ ಗೊತ್ತಿರಬೇಕಿತ್ತು. ನಾನು ಎಂಟೆಕ್ ಮಾಡಿದ್ದು ಥರ್ಮಲ್ ಎಂಜಿನಿಯರಿಂಗ್‌ನಲ್ಲಿ. ನನ್ನ ಓರಗೆಯ ಎಷ್ಟೋ ಮಂದಿಯಂತೆ ಓದಿದ್ದನ್ನು ಬಿಟ್ಟು ಸಾಫ್ಟ್‌ವೇರಿಗೆ ಬಂದವನು. ಮೈ ತಣ್ಣಗಾಗುವುದು ಬೆವರು ಬರುವುದರಿಂದಲ್ಲ, ಬೆವರು ಆರುವುದರಿಂದ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಎಷ್ಟು ತೋರಿಸುತ್ತದೋ ಅದು ವೆಟ್ ಬಲ್ಬ್ ತಾಪಮಾನ. ಬೆವರಿದ ಮೈ ಹೆಚ್ಚೆಂದರೆ ಎಷ್ಟರ ಮಟ್ಟಿಗೆ ತಣಿಯಬಲ್ಲದು ಎಂಬುದರ ಅಂದಾಜು. ಬಳ್ಳಾರಿಯ 42 ಡಿಗ್ರಿ, ಗಾಳಿಯ ತೇವ ಶೇಕಡ 15 ಇದ್ದರೆ ಅದು ಸುಮಾರು 22. ಚೆನ್ನೈನ 35 ಡಿಗ್ರಿ, ತೇವ ಶೇಕಡ 65 ಇದ್ದರೆ 29ರ ಮೇಲೆ. ವೆಟ್ ಬಲ್ಬ್ 35 ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದ ಮನುಷ್ಯನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರ ಎಂದು ಪುಸ್ತಕಗಳಲ್ಲಿತ್ತು. ಈಚಿನ ಪ್ರಯೋಗಗಳು ಆ ಮಿತಿ ಇನ್ನೂ ಕೆಳಗಿದೆ ಎನ್ನುತ್ತವೆ. ನಮ್ಮ ಹವಾಮಾನ ಇಲಾಖೆ ಕೂಡ ಬಿಸಿಗಾಳಿ ಎಂದು ಘೋಷಿಸಲು ಬಯಲುನಾಡಿಗೆ ಕನಿಷ್ಠ 40 ಡಿಗ್ರಿ ಕೇಳಿದರೆ ಕರಾವಳಿಗೆ 37 ಸಾಕೆನ್ನುತ್ತದೆ. ಊರಿನಲ್ಲಿ ಬಿಸಿಲಿಗೆ ಸಿಟ್ಟಾಗಿ ಬೇವಿನ ಮರದ ಕೆಳಗೆ ಹೋದರೆ ಮುಗಿಯಿತು. ಇಲ್ಲಿ ಮರದ ಕೆಳಗೂ ಅದೇ ಗಾಳಿ. 2022ರಲ್ಲಿ ಅಮ್ಮ ತೀರಿಕೊಂಡ ಮೇಲೆ ನನ್ನ ಜೊತೆ ಇರಲು ಬಂದ ಅಪ್ಪ ಇದನ್ನು ನನ್ನ ಎಂಟೆಕ್ಕಿಗಿಂತ ಚೆನ್ನಾಗಿ ಹೇಳಿದರು: “ಬಿಸ್ಲಿಗಾದ್ರೆ ನೆರಳು ಐತೆ. ಇದಕ್ಕೆ ಏನೈತೆ?”

ಚೆನ್ನೈಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನ ಸ್ನೇಹಿತರು ಫೋನಿನಲ್ಲಿ “ಇಲ್ಲಿ ಎಂಥ ತಂಪು ಗೊತ್ತಾ” ಎನ್ನುವಾಗಿನ ದನಿ ನನಗೆ ಸೇರುವುದಿಲ್ಲ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಊರು ಇರುವುದು ಅವರ ಸ್ವಂತ ಸಾಧನೆ ಎಂಬಂತೆ ಮಾತಾಡುತ್ತಾರೆ. ಇಲ್ಲಿಯ ಸುಖಗಳನ್ನು ಇಲ್ಲಿದ್ದೇ ತಿಳಿಯಬೇಕು. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬರುತ್ತದೆ. ಅದು ತಡವಾದ ದಿನ ಪಾರಾ ಏರುತ್ತಲೇ ಹೋಗುತ್ತದೆ, ಬಂದ ದಿನ ಇಡೀ ಬೀದಿಗೆ ಗೊತ್ತಾಗುತ್ತದೆ. ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬೆಸೆಂಟ್ ನಗರದ ಮರಳಿನಲ್ಲಿ ರಾತ್ರಿ ಎಂಟಕ್ಕೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಡಿಸೆಂಬರಿನಲ್ಲಿ, ಮಾರ್ಗಳಿಯ ಬೆಳಿಗ್ಗೆ ಐದೂವರೆಗೆ ಮೈಲಾಪುರದ ಬೀದಿಗಳಲ್ಲಿ ಕೋಲ ನೋಡುತ್ತ ನಡೆದವರು ಈ ಊರನ್ನು ಅಹಿತ ಎನ್ನಲಾರರು. ಹಿಂಗಾರು ಮಳೆ ಶುರುವಾದ ಮೊದಲ ಸಂಜೆಯಂತೂ ಮುಂಗಾರನ್ನೇ ಮಳೆ ಎಂದುಕೊಂಡು ಬೆಳೆದ ನಮಗೆ ಪುಕ್ಕಟೆ ಸಿಕ್ಕ ಇನ್ನೊಂದು ಮಳೆಗಾಲ. ಇವಕ್ಕೆ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಮೇ ತಿಂಗಳ ಕತ್ತರಿ ಬಿಸಿಲಿನಿಂದ ತಪ್ಪಿಸಿಕೊಳ್ಳುವುದಕ್ಕೆ ಮಾತ್ರ ಕೊಡಬೇಕು.

ಇನ್ನು ಇಸ್ತ್ರಿಯ ವಿಷಯ. ನಮ್ಮ ಅಪಾರ್ಟ್‌ಮೆಂಟಿನ ಬೀದಿಯಲ್ಲಿ ಒಬ್ಬರು ಅಕ್ಕ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದಾರೆ. ಇದ್ದಿಲ ಪೆಟ್ಟಿಗೆ. ನಾನು ಬಂದಾಗ ಗಾಡಿ ಒಂದು ಹೊಂಗೆ ಮರದ ಕೆಳಗಿತ್ತು. 2016ರ ಡಿಸೆಂಬರಿನ ವರ್ಧಾ ಚಂಡಮಾರುತಕ್ಕೆ ಊರಿನ ಸಾವಿರಾರು ಮರಗಳ ಜೊತೆ ಅದೂ ಉರುಳಿತು. ಆಮೇಲೆ ಅವರು ಗಾಡಿಯನ್ನು ನಮ್ಮ ಕಟ್ಟಡದ ಪಕ್ಕದ ಓಣಿಗೆ, ಕಟ್ಟಡದ ನೆರಳಿಗೆ ತಂದುಕೊಂಡರು. ಅಸೋಸಿಯೇಷನ್‌ನವರು ಬೇಡ ಎನ್ನಲಿಲ್ಲ. ಹಾಗೆ ಒಪ್ಪಿಸಿದವರಲ್ಲಿ ನಾನೂ ಒಬ್ಬ ಎಂಬ ಸಣ್ಣ ಜಂಬ ನನಗಿತ್ತು.

ಮೇ ತಿಂಗಳಲ್ಲಿ ಬಟ್ಟೆ ತಡವಾಗತೊಡಗಿತು. ಸಂಜೆ ಆರಕ್ಕೆ ಬರಬೇಕಾದ ಅಂಗಿ ಮರುದಿನ ಬೆಳಿಗ್ಗೆ ಬರುತ್ತಿತ್ತು. ಒಂದು ದಿನ ರಿವ್ಯೂ ಮೀಟಿಂಗಿಗೆ ಸುಕ್ಕು ಅಂಗಿಯಲ್ಲೇ ಹೋಗಬೇಕಾಯಿತು. ಕೆಳಗಿಳಿದು ಸ್ವಲ್ಪ ಗಡುಸಾಗಿಯೇ ಕೇಳಿದೆ, “ಏನಕ್ಕಾ, ಹೇಳಿದ ಟೈಮಿಗೆ ಕೊಡಕ್ಕಾಗಲ್ಲ ಅಂದ್ರೆ ಮೊದಲೇ ಹೇಳಬಾರದಾ?” ಅವರು ಸಿಟ್ಟಾಗಲಿಲ್ಲ. ಮೇಲೆ ಕೈ ತೋರಿಸಿದರು. “ಸಾರ್, ಮಧ್ಯಾಹ್ನ ಆ ಮೆಷಿನ್ ಓಡುವಾಗ ಇಲ್ಲಿ ನಿಲ್ಲಕ್ಕಾಗಲ್ಲ. ಬೆಳಿಗ್ಗೆ ಐದರಿಂದ ಒಂಬತ್ತು, ಮತ್ತೆ ಸಂಜೆ ಆರರ ಮೇಲೆ, ಅಷ್ಟೇ ಮಾಡ್ತೀನಿ. ತಾತಾ ಮಲಗಿರ್ತಾರಲ್ಲ, ಅದಕ್ಕೇ ಹೇಳಲಿಲ್ಲ.”

ಅವರು ತೋರಿಸಿದ್ದು ಮೊದಲನೇ ಮಹಡಿಯಲ್ಲಿ ನಮ್ಮ ಏಸಿಯ ಹೊರಗಿನ ಪೆಟ್ಟಿಗೆ. ಅಪ್ಪನ ಕೋಣೆಯದು. ಅಪ್ಪನಿಗೆ 78. ವಯಸ್ಸಾದವರ ಮೈ ಬೆವರುವುದೂ ಕಡಿಮೆ, ಬಾಯಾರಿಕೆ ತಿಳಿಯುವುದೂ ತಡ; ಅವರಿಗೆ ಆ ಏಸಿ ಷೋಕಿಯಲ್ಲ. ಡಾಕ್ಟರೇ ಹೇಳಿ ಹಾಕಿಸಿದ್ದು.

ಬಿಸಿ ಗಾಳಿ ಮೇಲಕ್ಕೆ ಹೋಗುತ್ತದಲ್ಲ, ಕೆಳಗೆ ನಿಂತವರಿಗೆ ಹೇಗೆ ತಾಗೀತು ಎಂದು ನನ್ನೊಳಗಿನ ಎಂಜಿನಿಯರು ವಾದ ಹೂಡಿದ. ಮಾರನೆಯ ದಿನ ಮನೆಯಿಂದಲೇ ಕೆಲಸ ಇತ್ತು. ಎರಡು ಗಂಟೆಗೆ ಹೋಗಿ ಗಾಡಿಯ ಹತ್ತಿರ ನಿಂತೆ. ಓಣಿಯ ಅಗಲ ಎಂಟು ಅಡಿ. ಪೆಟ್ಟಿಗೆ ಊದಿದ ಗಾಳಿ ಎದುರು ಮನೆಯ ಗೋಡೆಗೆ ಬಡಿದು ಹರಡುತ್ತಿತ್ತು, ಅರ್ಧ ಕೆಳಗಿಳಿಯುತ್ತಿತ್ತು. ಹತ್ತು ನಿಮಿಷ ನಿಲ್ಲಬೇಕೆಂದು ಹೋದವನು ಆರು ನಿಮಿಷಕ್ಕೆ ಹೊರಬಂದೆ. ಲೆಕ್ಕ ಸುಲಭ. ಒಂದೂವರೆ ಟನ್ನಿನ ಏಸಿ ಪೂರ್ತಿ ಓಡುವಾಗ ಒಳಗಿನಿಂದ 5 ಕಿಲೋವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಶಾಖ ಎಳೆಯುತ್ತದೆ. ಅದಕ್ಕೆ ತಾನು ತಿಂದ ಒಂದೂವರೆ ಕಿಲೋವ್ಯಾಟ್ ಕರೆಂಟನ್ನೂ ಸೇರಿಸಿ ಹೊರಗೆ ಹಾಕುತ್ತದೆ. ಒಟ್ಟು ಹತ್ತಿರ ಹತ್ತಿರ 7. ಮನೆಯ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಒಂದು ಕಿಲೋವ್ಯಾಟ್. ಅಂದರೆ ಇದ್ದಿಲ ಪೆಟ್ಟಿಗೆ ಹಿಡಿದು ನಿಂತ ಹೆಂಗಸಿನ ತಲೆಯ ಮೇಲಿನ ಓಣಿಗೆ ನಾನು ಇನ್ನೂ ಏಳು ಇಸ್ತ್ರಿ ಪೆಟ್ಟಿಗೆ ನೇತುಹಾಕಿದ್ದೆ. ಮೂರು ಬೇಸಿಗೆ.

ಏಸಿ ತಂಪನ್ನು ಹುಟ್ಟಿಸುವುದಿಲ್ಲ, ಸೆಕೆಯನ್ನು ಇಲ್ಲಿಂದ ಎತ್ತಿ ಅಲ್ಲಿಗೆ ಹಾಕುತ್ತದೆ. ಇದು ಥರ್ಮೋಡೈನಮಿಕ್ಸಿನ ಮೊದಲನೇ ಸೆಮಿಸ್ಟರಿನ ಪಾಠ. ಆದರೆ ಪಾಠದಲ್ಲಿ ‘ಅಲ್ಲಿ’ ಎಂಬುದಕ್ಕೆ ‘ಪರಿಸರ’ ಎಂದು ಹೆಸರು, ಅದನ್ನು ಅನಂತ ಎಂದು ಭಾವಿಸಲಾಗುತ್ತದೆ, ಎಷ್ಟು ಶಾಖ ಸುರಿದರೂ ಅದು ಬಿಸಿಯಾಗುವುದಿಲ್ಲ. ಪರೀಕ್ಷೆಯಲ್ಲಿ ಹಾಗೇ ಬರೆದು ಪೂರ್ತಿ ಅಂಕ ತೆಗೆದಿದ್ದೇನೆ. ‘ಅಲ್ಲಿ’ ಯಾರೋ ನಿಂತು ನನ್ನ ಅಂಗಿ ಇಸ್ತ್ರಿ ಮಾಡುತ್ತಿರಬಹುದು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ.

ಈ ಊರಿನಲ್ಲಿ ತಂಪಿಗೆ ಹಳೆಯ ವ್ಯಾಪಾರ ಇದೆ. ಮರೀನಾ ಎದುರಿಗಿರುವ ವಿವೇಕಾನಂದರ್ ಇಲ್ಲಂ, 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡ, ಮೂಲತಃ ಐಸ್ ಹೌಸ್. 1840ರ ದಶಕದಲ್ಲಿ ಬಾಸ್ಟನ್ನಿನ ಫ್ರೆಡ್ರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಕೆರೆಗಳ ಐಸನ್ನು ಕೊಯ್ದು ಹಡಗಿನಲ್ಲಿ ತಂದು ಇಲ್ಲಿ ಶೇಖರಿಸುತ್ತಿದ್ದ. ಕೊಳ್ಳುವ ಶಕ್ತಿ ಇದ್ದವರ ಗ್ಲಾಸಿಗೆ ಬೀಳುತ್ತಿತ್ತು. ಏಸಿಯನ್ನು ಇಂದಿಗೂ ‘ಟನ್’ನಲ್ಲಿ ಅಳೆಯುವುದು ಅದೇ ಕಾಲದ ನೆನಪು: ದಿನಕ್ಕೆ ಒಂದು ಟನ್ ಐಸ್ ಕರಗಿದರೆ ಎಷ್ಟು ತಂಪೋ ಅಷ್ಟು. ಅಮೆರಿಕದ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಏಸಿಯ ಮೂಲ ಯಂತ್ರವನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲವೆಂದು. ಟಿ. ನಗರದ ಜವಳಿ ಅಂಗಡಿಗೆ ಹೋದಾಗಲೆಲ್ಲ ಇದು ನೆನಪಾಗುತ್ತದೆ. ಅಂಗಡಿ ತಣ್ಣಗಿರುತ್ತದೆ, ಸೀರೆಗೂ ಗಿರಾಕಿಗೂ. ಸೀರೆ ತೋರಿಸುವ ಹುಡುಗಿಯರಿಗೆ ಕೂರಲು ಆಸನ ಕೊಡಬೇಕು ಎಂದು ಹೇಳಲು ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ಪೆಟ್ಟಿಗೆಯನ್ನು ತಾರಸಿಗೆ ಸಾಗಿಸುವುದೆಂದು ಅಸೋಸಿಯೇಷನ್ನಿಗೆ ಬರೆದೆ. ತಾಮ್ರದ ಪೈಪು ಮೂರು ಮಹಡಿ ಹತ್ತಬೇಕು, ಗೋಡೆ ಕೊರೆಯಬೇಕು. ಮೀಟಿಂಗಿನಲ್ಲಿ ಒಬ್ಬ ಹಿರಿಯರು, ಒಳ್ಳೆಯವರೇ, “ಯಾಕಿಷ್ಟು ಖರ್ಚು? ಅವರಿಗೆಲ್ಲ ಅಭ್ಯಾಸ ಆಗಿರುತ್ತೆ” ಅಂದರು. ನನಗೆ ಮುಜುಗರ ಆದದ್ದು ಆ ಮಾತಿಗಲ್ಲ. ಆರು ನಿಮಿಷ ಓಣಿಯಲ್ಲಿ ನಿಂತು ಹೊರಬರುವಾಗ ನನ್ನ ತಲೆಯಲ್ಲೂ ಅದೇ ಮಾತು ಬಂದಿತ್ತು ಎಂಬುದಕ್ಕೆ.

ಅಭ್ಯಾಸ ಎಂಬುದು ನಿಜ. ಒಂದೆರಡು ವಾರ ಸೆಕೆಯಲ್ಲಿ ದುಡಿದರೆ ಮೈ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಉಪ್ಪು ಕಳೆಯುವುದು ಕಡಿಮೆಯಾಗುತ್ತದೆ. ಆದರೆ ಬೆವರೇ ಆರದ ಗಾಳಿಯಲ್ಲಿ ಹೆಚ್ಚು ಬೆವರುವ ವಿದ್ಯೆ ಎಷ್ಟಕ್ಕೆ ಬಂತು? ಅದಿರಲಿ, ‘ಅವರಿಗೆ ಅಭ್ಯಾಸ’ ಎಂಬ ಮಾತು ಶರೀರಶಾಸ್ತ್ರ ಅಲ್ಲವೇ ಅಲ್ಲ. ಬಿಸಿ ನಾಡಿನವರು ಸ್ವಭಾವತಃ ಸೋಮಾರಿಗಳು ಎಂದು 1748ರಲ್ಲಿ ಮಾಂಟೆಸ್ಕ್ಯೂ ಬರೆದಾಗ ನಮಗೆ ಸಿಟ್ಟು ಬರುತ್ತದೆ. ಅದೇ ನಾವು, ಬಿಸಿಯಲ್ಲಿ ದುಡಿಯುವವರಿಗೆ ಬಿಸಿ ತಾಗುವುದಿಲ್ಲ ಎನ್ನುತ್ತೇವೆ. ಅವನಾದರೂ ಸೆಕೆ ಮನುಷ್ಯನನ್ನು ದಣಿಸುತ್ತದೆ ಎಂದು ಒಪ್ಪಿದ್ದ.

ಜಪಾನಿನ ತತ್ವಶಾಸ್ತ್ರಜ್ಞ ವಾತ್ಸುಜಿ ತೆತ್ಸುರೊ 1935ರಲ್ಲಿ ಪ್ರಕಟಿಸಿದ ‘ಫೂದೊ’ ಎಂಬ ಪುಸ್ತಕ ಹವೆಯ ಬಗ್ಗೆಯೇ ಇದೆ. ಮಾನ್ಸೂನ್ ನಾಡಿನ ಜನರ ಸ್ವಭಾವದ ಬಗ್ಗೆ ಆತ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಒಂದು ಮಾತು ಉಳಿದಿದೆ: ಚಳಿ ಎಂಬುದು ಹೊರಗೆಲ್ಲೋ ಇದ್ದು ನನ್ನನ್ನು ಒಬ್ಬಂಟಿಯಾಗಿ ತಾಗುವ ವಸ್ತುವಲ್ಲ, ಅದನ್ನು ನಾವು ಒಟ್ಟಿಗೆ ಅನುಭವಿಸುತ್ತೇವೆ, ಅದಕ್ಕೇ ಎದುರಾದವರ ಜೊತೆ ಅದರ ಮಾತಾಡುತ್ತೇವೆ. ಸೆಕೆಯೂ ಹಾಗೇ. ಅಪ್ಪ ಬಂದ ಹೊಸದರಲ್ಲಿ ತಮಿಳಿನ ಒಂದು ಪದವೂ ಬಾರದೆ ಈ ಅಕ್ಕನ ಜೊತೆ ಮಾತಾಡುತ್ತಿದ್ದರು. ಇವರು ಟವೆಲಿನಿಂದ ಕತ್ತು ಒರೆಸಿಕೊಂಡು “ಉಶ್” ಅಂದರೆ ಅವರು “ಪುಳುಕ್ಕಂ, ತಾತಾ” ಅನ್ನುತ್ತಿದ್ದರು. ಪುಳುಕ್ಕಂ ಅಂದರೆ ನಮ್ಮ ಸೆಕೆಯೇ. ಏಸಿ ಬಂದ ಮೇಲೆ ಅಪ್ಪ ಮಧ್ಯಾಹ್ನ ಕೆಳಗಿಳಿಯುವುದು ನಿಂತಿತ್ತು.

ಹೋದ ಜೂನ್ ಎರಡನೇ ವಾರ ಪೆಟ್ಟಿಗೆ ತಾರಸಿಗೆ ಹೋಯಿತು. ಹನ್ನೆರಡು ಸಾವಿರ ಆಯಿತು. ಪೈಪು ಉದ್ದವಾದ್ದರಿಂದ ಕರೆಂಟೂ ಸ್ವಲ್ಪ ಹೆಚ್ಚು ತಿನ್ನುತ್ತದೆ. ಓಣಿಯಲ್ಲಿ ಇನ್ನೂ ನಾಲ್ಕು ಮನೆಯ ಪೆಟ್ಟಿಗೆಗಳಿವೆ. ಅವು ಎತ್ತರದಲ್ಲಿವೆ, ಅಷ್ಟು ತಾಗುವುದಿಲ್ಲ. ನನ್ನ ಏಳು ಕಿಲೋವ್ಯಾಟ್ ಈಗಲೂ ಇದೇ ಊರಿನ ಮೇಲೇ ಬೀಳುತ್ತಿದೆ, ಯಾರ ತಲೆ ಎಂದು ಕಾಣುವುದಿಲ್ಲ ಅಷ್ಟೇ. ಅಪ್ಪನ ಕೋಣೆಯನ್ನು 26ಕ್ಕೆ ಇಟ್ಟು ಮೇಲೆ ಫ್ಯಾನ್ ಹಾಕುತ್ತೇವೆ. ಅಕ್ಕ ಮಧ್ಯಾಹ್ನ ಮೂರರ ಮೇಲೆ ಮತ್ತೆ ಕೆಲಸಕ್ಕೆ ನಿಲ್ಲುತ್ತಾರೆ. ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಹೇಳುವಂಥದ್ದೇನೂ ಇರಲಿಲ್ಲ. “ತಾತಾಗೆ ಮೇಲೆ ಸರಿಯಾಗಿ ತಂಪಾಗ್ತಿದೆಯಾ?” ಎಂದು ಕೇಳಿದರು.

ಆ ದಾವಣಗೆರೆ ಹುಡುಗನಿಗೆ ನಾನೇ ಫೋನ್ ಮಾಡಿದೆ. ಮೊದಲು ಹೇಳಿದ್ದು ಅರ್ಧ ಉತ್ತರ ಕಣಪ್ಪಾ ಎಂದು ಶುರುಮಾಡಿ, ಮನೆ ನೋಡುವಾಗ ತಾರಸಿಯ ಕೆಳಗಿನ ಮಹಡಿ ಬೇಡ, ಪೂರ್ವಕ್ಕೆ ಕಿಟಕಿ ಇರಲಿ, ಕಡಲಗಾಳಿ ಅಲ್ಲಿಂದಲೇ ಬರೋದು, ಎದುರುಬದುರು ಕಿಟಕಿ ಇದ್ದರೆ ವರ್ಷದಲ್ಲಿ ಎಷ್ಟೋ ತಿಂಗಳು ಏಸಿ ಬೇಕಾಗಲ್ಲ, ಹಾಕಿಸುವುದಾದರೆ ಹೊರಗಿನ ಪೆಟ್ಟಿಗೆ ಎಲ್ಲಿ ಕೂರುತ್ತೆ, ಅದರ ಕೆಳಗೆ ಯಾರಿರ್ತಾರೆ ಒಂದು ಸಲ ಬಗ್ಗಿ ನೋಡು ಎಂದೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವನು, “ಆಯ್ತು ಸರ್. ಆದ್ರೆ ಅಂಥ ಮನೆಗೆ ಬಾಡಿಗೆ ಎಷ್ಟಿರುತ್ತೆ?” ಅಂದ.